ಕೋಡುಬಳೆ ಬಾಯಲ್ಲಿದ್ದಾಗ ಕೂಗಿದ ಹಕ್ಕಿ

ಮೊನ್ನೆ ಅರಸೀಕೆರೆ ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಒಂದು ಸ್ಟೀಲ್ ತಟ್ಟೆ ಜಾರಿ ಬಿತ್ತು. ಬಿದ್ದದ್ದು ದೊಡ್ಡ ವಿಷಯವಲ್ಲ, ಹೋಟೆಲಿನಲ್ಲಿ ತಟ್ಟೆ ಬೀಳದೆ ಇನ್ನೇನು ಬೀಳುತ್ತೆ. ಆದರೆ ಬಿದ್ದ ತಟ್ಟೆ ಅಂಚಿನ ಮೇಲೆ ನಿಂತು ಗಿರಗಿರ ಸುತ್ತಿತು. ಸುತ್ತುತ್ತಾ ಸುತ್ತುತ್ತಾ ಅದರ ಸದ್ದು ಒತ್ತೊತ್ತಾಗಿ, ಸಣ್ಣಗಾಗಿ, ಇಳಿದು ಇಳಿದು ಕೊನೆಗೆ ನೆಲಕ್ಕೆ ಅಂಟಿಕೊಂಡು ಸುಮ್ಮನಾಯಿತು. ನನ್ನ ಬಾಯಲ್ಲಿದ್ದ ಇಡ್ಲಿ ಅಲ್ಲೇ ನಿಂತಿತು.

ಗಲ್ಲಾದ ಮೇಲಿದ್ದ ಯಜಮಾನರು ತಟ್ಟೆ ಬಿದ್ದ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದರು. "ಏನ್ ಟೇಪು, ನಿಂದೇನಾ ಇದು?"

ಹೋಟೆಲಿಗೆ ಹೋಟೆಲೇ ನಕ್ಕಿತು. ನಾನೂ ನಕ್ಕೆ. ತಟ್ಟೆ ಬಿದ್ದರೂ ಜನ ನನ್ನನ್ನೇ ಅನುಮಾನಿಸುವ ಹಾಗೆ ಬದುಕಿರುವ ಮನುಷ್ಯ ನಾನು, ನಗದೆ ಇನ್ನೇನು ಮಾಡಲಿ. ಆದರೆ ಆ ಸದ್ದು ನನ್ನ ಕಿವಿಗೆ ತಟ್ಟೆಯ ಸದ್ದಾಗಿ ಬೀಳಲಿಲ್ಲ. ಹಳೇಬೀಡಿನ ಕೆರೆಯ ಜೊಂಡಿನೊಳಗಿಂದ, ಮೂರು ವರ್ಷದ ಹಿಂದೆ, ಯುಗಾದಿಗೆ ಇನ್ನೂ ಸ್ವಲ್ಪ ದಿನ ಇರುವಾಗ, ಒಂದು ಭಾನುವಾರ ಬೆಳಿಗ್ಗೆ ಬಂದ ಹಾಗೆ ಬಂತು.

ನನ್ನನ್ನು ಟೇಪು ಅಂತ ಯಾಕೆ ಕರೆಯುತ್ತಾರೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಚಿಕ್ಕಂದಿನಿಂದ ಕಿವಿಗೆ ಬಿದ್ದದ್ದು ಬಾಯಿಂದ ಹೊರಡದೆ ಬಿಡುತ್ತಿರಲಿಲ್ಲ. ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ತಡವಾಗಿದೆ ಅಂತ ವಿಷಾದಿಸುವ ಹೆಂಗಸು, "ಜಾವಗಲ್ ಹಳೇಬೀಡ್ ಬೇಲೂರ್ ಬೇಲೂರ್ ಬೇಲೂರ್" ಅಂತ ಬೇಲೂರನ್ನೇ ಮೂರು ಸಲ ಮಾರುವ ಕಂಡಕ್ಟರ್, ನಮ್ಮ ಕಾಲೇಜಿನ ಪ್ರಿನ್ಸಿಪಾಲರ ಕೆಮ್ಮು, ದೇವಸ್ಥಾನದ ಮುಂದೆ ಪ್ರವಾಸಿಗಳಿಗೆ ಆನೆ ಸಾಲು ತೋರಿಸುವ ಗೈಡು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ಅವ್ವ ಹೇಳುತ್ತಿದ್ದಳು, "ಇವ್ನ ಸ್ವಂತ ದನಿ ಯಾವ್ದು ಅಂತ ಹೆತ್ತ ನಂಗೇ ಗೊತ್ತಿಲ್ಲ ಕಣ್ರವ್ವ. ಹುಟ್ದಾಗ ಅತ್ತನಲ್ಲ, ಅದೂ ಪಕ್ಕದ್ ಮಂಚದ್ ಮಗೀಂದೇ ಇರ್ಬೇಕು." ನೋಡಲು ನಾನು ದೊಡ್ಡ ಆಳೇನಲ್ಲ. ಕಡ್ಡಿ ಮೈ, ಅದರ ಮೇಲೆ ಎರಡು ಕಿವಿ. ದೇವರು ಮೊದಲು ಕಿವಿ ಮಾಡಿ, ಉಳಿದ ಮಣ್ಣಿನಲ್ಲಿ ನನ್ನನ್ನು ಮುಗಿಸಿದ ಹಾಗೆ.

ನನಗೆ ಬರದ ದನಿ ಒಂದೇ ಒಂದಿತ್ತು. ಅದು ಯೋಗೀಶನದು.

ಯೋಗೀಶ ಗಂಡಸಿ ಅನ್ನುವ ಊರಿನವನು. ಅರಸೀಕೆರೆಯ ಕಾಲೇಜಿನಲ್ಲಿ ಬಿಎಸ್ಸಿಗೆ ಸೇರಿದ ಮೊದಲನೇ ದಿನ ನನ್ನ ಪಕ್ಕ ಕೂತ. ಅಲ್ಲಿಂದ ಏಳಲೇ ಇಲ್ಲ. ವಾರವೆಲ್ಲ ಒಂದೇ ರೂಮು. ಶನಿವಾರ ಸಂಜೆ ಅವನ ಬೈಕಿನಲ್ಲಿ ಇಬ್ಬರೂ ಹುಲಿಕೆರೆಯ ನಮ್ಮ ಮನೆಗೆ. ನಾನು ಬಂದರೆ ಅವ್ವ "ಬಂದ್ಯಾ" ಅನ್ನುತ್ತಿದ್ದಳು, ಅವನು ಬಂದರೆ "ಯೋಗಿ ಬಂದವ್ನೆ, ಒಲೆ ಹಚ್ಚು" ಅನ್ನುತ್ತಿದ್ದಳು. ಹುಲಿಕೆರೆಯ ಹಳೇ ಕೊಳದ ಮೆಟ್ಟಿಲ ಮೇಲೆ ಕೂತು ನಾನು ದನಿಗಳನ್ನು ತಿದ್ದುತ್ತಿದ್ದೆ. ಅಲ್ಲಿ ಒಂದು ಮಾತು ಆಡಿದರೆ ಸುತ್ತಲ ಕಲ್ಲಿನ ಪುಟ್ಟ ಗುಡಿಗಳು ಅದನ್ನು ತಿರುಗಿಸಿ ನಮಗೇ ಕೊಡುತ್ತವೆ. ಯೋಗೀಶ ಮೇಲಿನ ಮೆಟ್ಟಿಲಲ್ಲಿ ಕೂತು, "ನನ್ನ ದನಿ ಮಾಡ್ಲಾ ನೋಡಣ" ಅನ್ನುತ್ತಿದ್ದ. ಮಾಡಲು ಹೋದರೆ ಅದು ಯಾರ ದನಿಯೂ ಆಗುತ್ತಿರಲಿಲ್ಲ. ಮೂಗಿನಲ್ಲಿ ಹಿಡಿದೆ, ಗಂಟಲಲ್ಲಿ ಹಿಡಿದೆ, ಬರಲಿಲ್ಲ. ದಿನಾ ಕುಡಿಯುವ ನೀರಿನ ರುಚಿ ಕೇಳಿದರೆ ಯಾರು ಹೇಳುತ್ತಾರೆ, ಹಾಗೆ. "ನಿನ್ ದನೀಲಿ ಹಿಡ್ಕಳಕ್ಕೆ ಏನೂ ಇಲ್ಲ ಕಣ್ಲಾ, ಬೋಳು ಗೋಡೆ" ಅಂತ ನಾನು ಬೈದರೆ ಅವನಿಗೆ ಖುಷಿಯೋ ಖುಷಿ. "ನಾನೊಬ್ನೇ ನಿನ್ ಕೈಗೆ ಸಿಕ್ದಿರೋನು" ಅನ್ನುತ್ತಿದ್ದ.

ಹಕ್ಕಿ ನೋಡುವ ಹುಚ್ಚು ಹತ್ತಿಸಿದವರು ರುದ್ರಪ್ಪ ಮೇಷ್ಟ್ರು. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿ ರಿಟೈರಾದವರು. ತಲೆಗೆ ಬಟ್ಟೆ ಟೋಪಿ, ಎದೆಗೆ ದುರ್ಬೀನು, ಬಾಯಿಗೆ "ಅದು ಏನಪ್ಪಾ ಅಂದ್ರೆ". ಆ ಮೂರೂ ಇಲ್ಲದೆ ಅವರನ್ನು ಕಂಡವರಿಲ್ಲ. ಅವರ ಜೊತೆ ಬೇಲೂರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಶಾರದಕ್ಕ. ಭಾನುವಾರ ಡ್ಯೂಟಿ ಇಲ್ಲದಿದ್ದರೆ ಮೊದಲ ಬಸ್ಸಿಗೇ ಬಂದು ಇಳಿಯುತ್ತಿದ್ದರು. ಮೇಷ್ಟ್ರು, ಶಾರದಕ್ಕ, ಯೋಗೀಶ, ನಾನು. ಇಷ್ಟೇ ನಮ್ಮ ಗುಂಪು. ಇಷ್ಟಕ್ಕೇ ಮೇಷ್ಟ್ರು "ನಮ್ಮ ಸಂಘ" ಅನ್ನುತ್ತಿದ್ದರು.

ನಮ್ಮ ಜಾಗ ಹಳೇಬೀಡಿನ ಕೆರೆ. ಊರಿನ ಹಳೇ ಹೆಸರು ದ್ವಾರಸಮುದ್ರ, ಅದರಲ್ಲೇ ಸಮುದ್ರ ಇದೆಯಲ್ಲ, ಹಾಗಾಗಿ ಕೆರೆ ದಂಡೆಗೆ ನಾವು 'ಕಡಲತೀರ' ಅಂತಲೇ ಕರೆಯುತ್ತಿದ್ದೆವು. ನಿಜವಾದ ಕಡಲನ್ನು ನಾನೂ ಕಂಡಿರಲಿಲ್ಲ, ಯೋಗೀಶನೂ ಕಂಡಿರಲಿಲ್ಲ. ಗಂಡಸಿಯಿಂದ ಕಡಲು ಎಷ್ಟು ದೂರವೋ ಹುಲಿಕೆರೆಯಿಂದಲೂ ಹೆಚ್ಚುಕಡಿಮೆ ಅಷ್ಟೇ ದೂರ. ಆ ವಿಷಯದಲ್ಲಿ ಇಬ್ಬರೂ ಸಮಸಮ.

ಮೇಷ್ಟ್ರದ್ದು ಒಂದು ಕಟ್ಟುಪಾಡಿತ್ತು. ಕಣ್ಣಿಗೆ ಕಾಣದೆ ಬರೀ ಕಿವಿಗೆ ಬಿದ್ದ ಹಕ್ಕಿಯನ್ನು ಕೆರೆಯ ಲೆಕ್ಕಕ್ಕೆ ಸೇರಿಸಬೇಕಾದರೆ ಇಬ್ಬರು ಕೇಳಿರಬೇಕು. ನಾನು ಸೇರಿದ ಮೇಲೆ ಅದಕ್ಕೆ ಒಂದು ಬಾಲ ಅಂಟಿತು. ನಾನೊಂದು ಬೆಳಿಗ್ಗೆ ಲಂಟಾನ ಪೊದೆಯ ಹಿಂದೆ ಕೂತು ಗೌಜಲಹಕ್ಕಿಯ ಹಾಗೆ ಕೂಗಿದೆ. ಮೇಷ್ಟ್ರು ಟೋಪಿ ಹಿಂದಕ್ಕೆ ಸರಿಸಿ, ಮಂಡಿ ಊರಿ, ಪೊದೆಯೊಳಗೆ ನುಗ್ಗಿದರು. ನಾನು ಹಿಂದೆ ಸರಿದು ಕೂಗಿದೆ, ಅವರು ಮುಂದೆ ಸರಿದರು. ಕೊನೆಗೆ ಮುಳ್ಳಿಗೆ ಅಂಗಿ ಕೊಟ್ಟು ಅವರು ಆಚೆ ತಲೆ ತೂರಿಸಿದಾಗ ಎದುರಿಗೆ ಸಿಕ್ಕಿದ್ದು ನನ್ನ ಮುಖ. ಕೋಪ ಮಾಡಿಕೊಳ್ಳಲಿಲ್ಲ, ಪುಣ್ಯಾತ್ಮರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಅಲ್ಲೇ ಪೊದೆಯಲ್ಲಿ ಕೂತು ಕಾನೂನು ಮಾಡಿದರು: "ಅದು ಏನಪ್ಪಾ ಅಂದ್ರೆ, ಇನ್ಮೇಲೆ ಈ ಟೇಪು ಇರೋ ಜಾಗದಲ್ಲಿ ಹಕ್ಕಿ ಕೂಗಿದ್ರೆ, ಎರಡನೆಯವರು ಇವನ ಬಾಯಿ ನೋಡ್ತಾ ಇರಬೇಕು. ಬಾಯಿ ಮುಚ್ಚಿತ್ತು ಅಂತ ಅವರು ಹೇಳಿದ್ರೆ ಮಾತ್ರ ಹಕ್ಕಿ."

ಅಂದಿನಿಂದ ನನ್ನ ಬಾಯಿಗೆ ಸಾಕ್ಷಿ ಯೋಗೀಶ. ಇಬ್ಬರನ್ನೂ ಒಂದೇ ಕಡೆ ಕಳಿಸುತ್ತಿದ್ದರು. ಹಕ್ಕಿ ಕೂಗಿದ ಕೂಡಲೇ ಅವನು ದುರ್ಬೀನು ಬಿಟ್ಟು ನನ್ನ ತುಟಿ ನೋಡುತ್ತಿದ್ದ, ಹಲ್ಲಿನ ಡಾಕ್ಟರ ಹಾಗೆ. ಹಿಂತಿರುಗಿ ಬಂದಾಗ ಮೇಷ್ಟ್ರು ಕೇಳುವುದು, ಅವನು "ಬಾಯಿ ಮುಚ್ಚಿತ್ತು ಸಾರ್" ಅನ್ನುವುದು, ಶಾರದಕ್ಕ ನಗುವುದು, ಇದು ಪ್ರತಿ ಭಾನುವಾರದ ಆಟವಾಗಿತ್ತು. ಆಟ ಅಂತಲೇ ನಾನು ತಿಳಿದಿದ್ದೆ.

ಆ ವರ್ಷ ಮಾರ್ಚಿನಲ್ಲಿ ಮೇಷ್ಟ್ರು ಒಂದು ಸುದ್ದಿ ತಂದರು. ಕುಂದಾಪುರದ ಕಡೆ ಕಡಲ ದಂಡೆಯಲ್ಲಿ ಹಕ್ಕಿ ನೋಡುವವರ ಶಿಬಿರ. ಬೇರೆ ದೇಶದಿಂದ ಬಂದ ಹಕ್ಕಿಗಳು ವಾಪಸು ಹೊರಡುವ ಮುಂಚೆ ದಂಡೆಯಲ್ಲಿ ಸೇರುತ್ತವಂತೆ, ದೊಡ್ಡ ದೊಡ್ಡ ತಿಳಿದವರು ಬರುತ್ತಾರಂತೆ. "ನಮ್ಮ ಸಂಘಕ್ಕೆ ಒಂದೇ ಜಾಗ ಕೊಟ್ಟಿದ್ದಾರೆ. ನನಗೆ ಮಂಡಿ ನೋವು, ಶಾರದಮ್ಮನಿಗೆ ರಜೆ ಇಲ್ಲ. ಅದು ಏನಪ್ಪಾ ಅಂದ್ರೆ, ಈ ವಸಂತದಲ್ಲಿ ನಿಮ್ಮಿಬ್ಬರಲ್ಲಿ ಯಾರು ನಮ್ಮ ಕೆರೆಗೆ ಒಂದು ಹೊಸ ಹಕ್ಕಿ ಸೇರಿಸ್ತೀರೋ, ಅವರು ಹೋಗಿ."

ಆ ಸಂಜೆ ಬೈಕಿನಲ್ಲಿ ಹೋಗುವಾಗ ನಾನು ಹಿಂದಿನಿಂದ ಕಡಲ ಬಗ್ಗೆ ಒಂದೇ ಸಮನೆ ಕೊರೆದೆ. ಅಲೆಯ ಸದ್ದು ಗಂಟಲಿಗೆ ಬರುತ್ತೋ ಇಲ್ಲವೋ, ಅದು ಎಳೆಯುವಾಗ ಒಂದು ಸದ್ದು, ಬಿಡುವಾಗ ಒಂದು ಸದ್ದು, ಮೊಬೈಲಿನಲ್ಲಿ ಕೇಳಿದ್ದು ಸಾಲದು, ಹತ್ತಿರ ನಿಂತು ಹಿಡಿಯಬೇಕು ಅಂತ. ಯೋಗೀಶ ಮುಂದೆ ನೋಡುತ್ತಲೇ ಹೇಳಿದ: "ನಿನ್ಗೆ ಸಿಕ್ರೆ ನಂಗ್ ಸಿಕ್ಕಂಗೇ ಕಣ್ಲಾ. ಬಾಯ್ ಮುಚ್ಚು, ಹುಳ ಹೋಯ್ತದೆ."

ಅದರ ಮುಂದಿನ ಭಾನುವಾರ ಬೆಳಿಗ್ಗೆ ಕೆರೆಯ ಮೇಲೆ ತೆಳ್ಳಗೆ ಮಂಜಿತ್ತು. ಬಿಸಿಲು ಏರಿದರೆ ಬೆನ್ನು ಸುಡುವ ಕಾಲ, ಆದರೆ ಆ ಹೊತ್ತಿಗೆ ಸ್ವೆಟರ್ ಬೇಕು. ನೀರು ಒಳಕ್ಕೆ ಸರಿದು ದಂಡೆಯುದ್ದಕ್ಕೂ ಕೆಸರು ಬಿರುಕು ಬಿಟ್ಟಿತ್ತು. ಹೊಂಗೆ ಮರಗಳು ಆಗಷ್ಟೇ ಎಣ್ಣೆ ಹಚ್ಚಿದಂಥ ಹೊಸ ಎಲೆ ಹೊತ್ತಿದ್ದವು. ನೀರಿನ ಮಧ್ಯೆ ನಾಮದಕೋಳಿಗಳು ಗುಂಪಾಗಿ ಗೊಣಗುತ್ತಿದ್ದವು, ಒಂದು ಬಣ್ಣದ ಕೊಕ್ಕರೆ ಸಾಲ ವಸೂಲಿಗೆ ಬಂದವರ ಹಾಗೆ ಗಂಭೀರವಾಗಿ ನಿಂತಿತ್ತು, ಟಿಟ್ಟಿಭ ನಮ್ಮನ್ನು ಕಂಡು ಊರಿಗೆಲ್ಲ ಚಾಡಿ ಹೇಳುತ್ತಿತ್ತು. ಮೇಷ್ಟ್ರೂ ಶಾರದಕ್ಕನೂ ದೇವಸ್ಥಾನದ ಕಡೆಯ ದಂಡೆಗೆ ಹೋದರು, ನಾವಿಬ್ಬರೂ ಜೊಂಡು ಬೆಳೆದ ಮೂಲೆಗೆ.

ಜೊಂಡಿನ ಹತ್ತಿರ ಒಂದು ಕಲ್ಲಿನ ಮೇಲೆ ಕೂತೆವು. ಅವ್ವ ಡಬ್ಬಿಯಲ್ಲಿ ಕೋಡುಬಳೆ ಕಟ್ಟಿದ್ದಳು, ನಮ್ಮ ಅವ್ವನ ಕೋಡುಬಳೆ ಅಂದರೆ ಹಲ್ಲಿಗೆ ಪರೀಕ್ಷೆ. ನಾನೊಂದು ಪೂರಾ ಬಾಯಿಗೆ ತುರುಕಿದೆ. ಕಡಿಯಲು ಇನ್ನೂ ಸ್ಥಳ ಹುಡುಕುತ್ತಿದ್ದೆ, ಆಗ ಕೂಗಿತು.

ಮೊದಲು ಒಂದು ಗಟ್ಟಿ ಟಿಕ್. ಆಮೇಲೆ ತಟ್ಟೆ ಬಿದ್ದು ಸುತ್ತಿದ ಹಾಗೆ, ಒತ್ತೊತ್ತಾಗಿ ಇಳಿದು ಅಡಗುವ ಸದ್ದು. ನೀರಲ್ಲಿ ಮುಳುಗಿ ಏಳುವ ಗುಳುಮುಳುಕ ಕೂಡ ಸುಮಾರು ಹಾಗೇ ಕೂಗುತ್ತೆ, ಆದರೆ ಅದು ನೀರಿನ ಮೇಲಿಂದ, ನಗುವವರ ಹಾಗೆ, ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ. ಇದು ಜೊಂಡಿನ ಬುಡದಿಂದ ಬಂತು, ಕೊನೆಯಲ್ಲಿ ಕೆಳಕ್ಕೆ ಹೋಯಿತು. ಹುಂಡುಕೋಳಿಯ ಜಾತಿಯದೇ, ಅದಕ್ಕಿಂತ ಸಣ್ಣದು, ಎದೆ ಇಟ್ಟಿಗೆ ಕೆಂಪು, ಜೊಂಡು ಬಿಟ್ಟು ಹೊರಗೆ ಬರದ ನಾಚಿಕೆಯ ನೀರುಕೋಳಿ. ಮೇಷ್ಟ್ರು ಮೊಬೈಲಿನಲ್ಲಿ ಆ ಕೂಗು ಕೇಳಿಸಿ, "ಇದು ನಮ್ಮ ಕೆರೆಯಲ್ಲಿ ಇರಲೇಬೇಕು ಕಣ್ರಪ್ಪಾ, ನನ್ನ ಕಿವಿಗೆ ಬೀಳ್ತಿಲ್ಲ ಅಷ್ಟೆ" ಅಂತ ಎಷ್ಟೋ ಸಲ ಕೊರಗಿದ್ದರು.

ಯೋಗೀಶ ಸರಕ್ಕನೆ ನನ್ನ ಬಾಯಿ ನೋಡಿದ. ಕೆನ್ನೆ ಉಬ್ಬಿತ್ತು, ತುಟಿಯ ಆಚೆ ಕೋಡುಬಳೆಯ ತುದಿ ಚಾಚಿತ್ತು. ಆ ಬಾಯಲ್ಲಿ ಹಕ್ಕಿ ಕೂಗುವುದಿರಲಿ, ಉಸಿರಾಡುವುದೇ ಕಷ್ಟ. ಮತ್ತೆ ಕೂಗಿತು. ಅವನು ನನ್ನ ಮಣಿಕಟ್ಟು ಹಿಡಿದುಕೊಂಡ. ಬೆರಳು ತಣ್ಣಗಿದ್ದವು.

"ಐತೆ ಕಣ್ಲಾ," ಅಂದ ಪಿಸುದನಿಯಲ್ಲಿ. "ಸತ್ಯವಾಗ್ಲೂ ಐತೆ."

ನಾನು ಕೋಡುಬಳೆ ಸಮೇತ ತಲೆ ಆಡಿಸಿದೆ. ಬಾಯಿ ಖಾಲಿಯಾದ ಮೇಲೆ, "ಕಡಲು ಕಣ್ಲಾ ಯೋಗಿ, ಕಡಲು!" ಅಂದೆ. ಅವನು ನಗಲಿಲ್ಲ. ಜೊಂಡಿನ ಕಡೆಯೇ ನೋಡುತ್ತಿದ್ದ. ಹಕ್ಕಿ ಮತ್ತೆ ಕೂಗಲಿ ಅಂತ ಕಾಯುತ್ತಿದ್ದಾನೆ ಅಂದುಕೊಂಡೆ.

ಏರಿಯ ಮೇಲೆ ಹೊಂಗೆ ನೆರಳಿನಲ್ಲಿ ಶಾರದಕ್ಕ ಚಿತ್ರಾನ್ನದ ಡಬ್ಬಿ ಬಿಚ್ಚುತ್ತಿದ್ದರು. ನಾನು ಓಡಿಹೋಗಿ ಒಂದೇ ಉಸಿರಿಗೆ ಹೇಳಿದೆ. ಮೇಷ್ಟ್ರ ಕೈಯಲ್ಲಿದ್ದ ಫ್ಲಾಸ್ಕಿನ ಮುಚ್ಚಳ ಅಲ್ಲೇ ನಿಂತಿತು. ಅವರ ಮುಖ ಅಷ್ಟು ಆಸೆಯಿಂದ ಅರಳಿದ್ದು ನಾನು ಕಂಡಿರಲಿಲ್ಲ. ನಿಧಾನವಾಗಿ ಹತ್ತಿ ಬರುತ್ತಿದ್ದ ಯೋಗೀಶನ ಕಡೆ ತಿರುಗಿದರು.

"ಯೋಗೀಶ, ಇವನ ಬಾಯಿ ನೋಡಿದ್ಯೇನಪ್ಪಾ?"

ಅವನು ಅಂಗಿಯ ತುದಿಯಿಂದ ದುರ್ಬೀನಿನ ಗಾಜು ಒರೆಸುತ್ತಿದ್ದ. ಒರೆಸಿದ. ಇನ್ನೂ ಒರೆಸಿದ.

"ಗೊತ್ತಿಲ್ಲ ಸಾರ್," ಅಂದ. "ನಾನು ಆ ಕಡೆ ತಿರುಗಿದ್ದೆ. ಇವ್ನೇ ಇರ್ಬೇಕು."

ಶಾರದಕ್ಕ ಚಿತ್ರಾನ್ನದ ಸೌಟು ಹಿಡಿದೇ ನಕ್ಕರು. ಮೇಷ್ಟ್ರ ಮುಖದ ಆಸೆ ಇಳಿದುಹೋಯಿತು, ಆದರೂ ಅವರೂ ನಕ್ಕರು. ನಾನು ಏನು ಮಾಡಿದೆ ಗೊತ್ತೇ? ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ. ಯಾಕೆಂದರೆ ಇದು ಯೋಗೀಶನ ತಮಾಷೆ, ಇಷ್ಟು ದಿನ ನಾನು ಮಾಡಿದ್ದಕ್ಕೆ ಒಂದು ಸಲ ಬಡ್ಡಿ ಸಮೇತ ತೀರಿಸುತ್ತಿದ್ದಾನೆ, ಈಗ ಒಂದು ಗಳಿಗೆಯಲ್ಲಿ "ಇಲ್ಲ ಸಾರ್, ಕೋಡುಬಳೆ ತಿಂತಿದ್ದ" ಅನ್ನುತ್ತಾನೆ ಅಂತ. ಒಳ್ಳೇ ನಟನೆ, ಗುರುವಿಗೆ ತಕ್ಕ ಶಿಷ್ಯ ಅಂತ ಮನಸ್ಸಿನಲ್ಲೇ ಬೆನ್ನು ತಟ್ಟಿದೆ.

"ಹೆಂಗೆ ಕೂಗ್ತು, ಮಾಡು ನೋಡಣ," ಅಂದರು ಮೇಷ್ಟ್ರು.

ಮಾಡಿದೆ. ಅದೇ ಟಿಕ್, ಅದೇ ಇಳಿತ, ಅದೇ ಅಡಗುವಿಕೆ. ಒಂದು ಕೂದಲು ಅತ್ತಿತ್ತ ಇಲ್ಲ. ಕೆರೆಯಲ್ಲಿದ್ದ ಗುಳುಮುಳುಕಗಳು ಕತ್ತೆತ್ತಿ ನೋಡಿದವು. ನಾನು ಯಾವತ್ತೂ ಯಾವುದನ್ನೂ ಅಷ್ಟು ಚೆನ್ನಾಗಿ ಮಾಡಿರಲಿಲ್ಲ. ಮುಗಿಸಿ ನೋಡಿದರೆ ಮೇಷ್ಟ್ರು ನನ್ನ ಭುಜದ ಮೇಲೆ ಕೈ ಇಟ್ಟಿದ್ದರು.

"ಭೇಷ್," ಅಂದರು. "ಅದು ಏನಪ್ಪಾ ಅಂದ್ರೆ ಟೇಪು, ಇಷ್ಟು ಚೆನ್ನಾಗಿ ಬರೋದಾದ್ರೆ ಹಕ್ಕಿಯ ಅವಶ್ಯಕತೆಯೇ ಇಲ್ಲ ಬಿಡು."

ಅಲ್ಲಿಗೆ ಮುಗಿಯಿತು. ನನ್ನ ಕೈಯಾರೆ, ನನ್ನ ಬಾಯಾರೆ ನಾನೇ ಮುಗಿಸಿದೆ. ಕಳ್ಳನಲ್ಲ ಅಂತ ತೋರಿಸಲು ಬೀಗ ಒಡೆದು ತೋರಿಸಿದವನ ಹಾಗಾಯಿತು ನನ್ನ ಕತೆ. ಆದರೆ ಆ ಗಳಿಗೆಯಲ್ಲಿ ನನಗೆ ಅದೂ ಹೊಳೆಯಲಿಲ್ಲ. ಚಿತ್ರಾನ್ನ ತಿನ್ನುತ್ತಾ ಯೋಗೀಶನ ಬಾಯಿ ನೋಡುತ್ತಿದ್ದೆ. ಇಷ್ಟು ದಿನ ಅವನು ನನ್ನ ಬಾಯಿ ನೋಡಿದ್ದ, ಆವತ್ತು ನಾನು ಅವನದು. ಅದು ಚಿತ್ರಾನ್ನಕ್ಕೆ ಬಿಟ್ಟು ಬೇರೆ ಯಾವುದಕ್ಕೂ ತೆರೆಯಲಿಲ್ಲ. ಬಿಸಿಲೇರಿತು, ಪ್ರವಾಸಿಗಳ ಬಸ್ಸು ಬಂದು ನಿಂತಿತು, ಶಾರದಕ್ಕ ಬೇಲೂರಿನ ಬಸ್ಸು ಹತ್ತಿದರು, ಮೇಷ್ಟ್ರು ಮಂಡಿ ನೀವಿಕೊಂಡು ಎದ್ದರು. ಅವನು ಹೇಳಲಿಲ್ಲ.

ಬೈಕಿನಲ್ಲಿ ಕೇಳಿದೆ. "ಸಾಕ್ ಬುಡ್ಲಾ ತಮಾಷೆ. ಮೇಷ್ಟ್ರಿಗೆ ಹೇಳ್ತೀಯ ತಾನೆ?"

"ಹೇಳಣ ಬುಡು," ಅಂದ.

ನಮ್ಮ ಕಡೆ ಈ 'ಹೇಳಣ ಬುಡು' ಅನ್ನುವ ಮಾತಿನ ಮೇಲೆ ಮನುಷ್ಯ ಒಂದು ಜೀವಮಾನ ಕೂತಿರಬಹುದು. ನಾನು ಆ ವಾರವೆಲ್ಲ ಕೂತೆ. ಒಂದೇ ರೂಮು, ಒಂದೇ ಸ್ಟೌ, ಎದುರೆದುರು ಚಾಪೆ. ಅವನು ಮಾಮೂಲಿನಂತೆ ಇದ್ದ, ಸ್ವಲ್ಪ ಹೆಚ್ಚೇ ಚೆನ್ನಾಗಿದ್ದ. ನನ್ನ ಪಾಲಿನ ಪಾತ್ರೆಯನ್ನೂ ತೊಳೆದ. ಪಾತ್ರೆ ತೊಳೆದಾಗಲೇ ನನಗೆ ಅನುಮಾನ ಬರಬೇಕಿತ್ತು.

ಮುಂದಿನ ಭಾನುವಾರ ಬಾಣಾವರದಲ್ಲಿ ನಮ್ಮ ಅಕ್ಕನ ಮಗುವಿನ ನಾಮಕರಣ. ತಿಂಗಳ ಮುಂಚೆಯೇ ಗೊತ್ತಾಗಿದ್ದದ್ದು, ಅವನಿಗೂ ಗೊತ್ತಿತ್ತು. "ನೀನ್ ಹೋಗ್ಬಾ. ಕೆರೆ ನಾನು ನೋಡ್ಕೊತೀನಿ," ಅಂದ. ಸೋದರಮಾವ ಅಂತ ನನ್ನನ್ನು ತೊಟ್ಟಿಲ ಪಕ್ಕ ಕೂರಿಸಿದ್ದರು. ಮಗುವಿನ ಕಿವಿಯಲ್ಲಿ ಹೆಸರು ಉಸುರುತ್ತಿದ್ದಾಗ ಜೇಬಿನಲ್ಲಿ ಫೋನು ನಡುಗಿತು. ಹೊರಗೆ ಚಪ್ಪರದ ಕೆಳಗೆ ಬಂದು ಎತ್ತಿದೆ. ಶಾರದಕ್ಕ.

"ಟೇಪು, ಸಿಕ್ತು ಕಣೋ ನಿನ್ನ ಹಕ್ಕಿ! ಅದೇ, ಮೇಷ್ಟ್ರು ಹಂಬಲಿಸ್ತಿದ್ರಲ್ಲ, ಅದು! ಯೋಗೀಶ ಬೆಳಗಾಗೋ ಮುಂಚೆ ಬೇಲೂರಿಗೇ ಬೈಕ್ ತಂದು ನನ್ನ ಕರ್ಕೊಂಡ್ ಹೋದ. ಏನ್ ಹುಡುಗನೋ ಅವನು, ಹುಡುಕಲೇ ಇಲ್ಲ ಕಣೋ. ನೆಟ್ಟಗೆ ಹೋಗಿ ಆ ಜೊಂಡಿನ ಹತ್ರ ಕಲ್ಲಿನ ಮೇಲೆ ಕೂರ್ಸಿ, ಅಕ್ಕ ಸುಮ್ನೆ ಕೇಳಿ ಅಂದ. ಇಬ್ಬರೂ ಕೇಳಿದ್ವಿ. ಮೇಷ್ಟ್ರು ಕುಣಿದುಬಿಟ್ರು! ಕಡಲಿಗೆ ಯೋಗೀಶನೇ ಈಗ."

"ಅಕ್ಕಾ," ಅಂದೆ, "ಅದನ್ನ ಹೋದ ವಾರ ನಾನೂ ಅವನೂ..."

"ಅಯ್ಯೋ ಸುಮ್ಕಿರೋ," ಅಂತ ನಕ್ಕರು. "ಹೋದ ವಾರ ನೀನು ಮಾಡಿದ್ದು ಎಷ್ಟು ಕರೆಕ್ಟಾಗಿತ್ತು ಅಂತ ಈಗ ಗೊತ್ತಾಯ್ತು ಕಣೋ! ಆ ಹಕ್ಕೀನೇ ನಿನ್ನ ನೋಡಿ ಕಲ್ತಂಗಿತ್ತು."

ಒಳಗೆ ಮಗು ಅಳುತ್ತಿತ್ತು. ಅದೇ ಭಾನುವಾರ ಎರಡು ನಾಮಕರಣ ನಡೆದವು. ಬಾಣಾವರದಲ್ಲಿ ಮಗುವಿಗೆ ಹೆಸರು ಬಂತು, ಹಳೇಬೀಡಿನಲ್ಲಿ ಹಕ್ಕಿಗೆ ಯೋಗೀಶನ ಹೆಸರು ಬಂತು. ಎರಡರಲ್ಲೂ ನನಗೆ ಹೋಳಿಗೆ ಊಟ ಮಾತ್ರ.

ಸೋಮವಾರ ರೂಮಿನಲ್ಲಿ ಅವನು ಬಟ್ಟೆ ಮಡಚುತ್ತಿದ್ದ. ನಾನು ಬಾಗಿಲಲ್ಲೇ ನಿಂತು ಕೇಳಿದೆ. ತಮಾಷೆಯ ದನಿ ಯಾವುದೂ ಬರಲಿಲ್ಲ. "ಯಾಕ್ಲಾ?"

ಅವನು ತಲೆ ಎತ್ತಲಿಲ್ಲ. "ನೀನ್ ಹೇಳಿದ್ರೆ ಯಾರ್ ನಂಬ್ತಿದ್ರು? ನಾನ್ ಹೇಳಿದ್ಕೆ ನಂಬಿದ್ರು. ಹಕ್ಕಿ ಲೆಕ್ಕಕ್ಕೆ ಬಂತಲ್ಲ, ಮೇಷ್ಟ್ರಿಗೆ ಅಷ್ಟೇ ಬೇಕಾಗಿದ್ದು."

"ನೀನ್ ನನ್ ಬಾಯಿ ನೋಡಿದ್ದೆ."

"ನೋಡಿದ್ದೆ."

"ಕೈ ಹಿಡ್ಕೊಂಡಿದ್ದೆ."

ಅವನು ಅಂಗಿಯೊಂದನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದ. "ನಿನ್ಗೆ ಎಲ್ಲಾ ತಮಾಷೆ ಕಣ್ಲಾ ಟೇಪು. ಹಕ್ಕೀನೂ ತಮಾಷೆ, ಮೇಷ್ಟ್ರೂ ತಮಾಷೆ, ಎಲ್ಲಾರೂ ನಿನ್ ನೋಡ್ತಾರೆ, ನಿನ್ ಜೊತೆಗ್ ಬಂದೋನು ಅಂತ ನನ್ ನೋಡ್ತಾರೆ. ಮೂರ್ ವರ್ಷ ನಿನ್ ಬಾಯಿ ಕಾಯ್ದಿದೀನಿ ನಾನು. ಒಂದ್ ಸಲ ನಂಗೂ ಏನಾರ ಕೇಳಿಸ್ಬಾರ್ದಾ?"

ಅದರಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ನನಗೆ ತಡೆಯಲಾಗದ್ದು. ಅವನು ನನ್ನನ್ನು ಕೇಳಿದ್ದರೆ ಜಾಗ ಬಿಟ್ಟುಕೊಡುತ್ತಿದ್ದೆನೋ ಇಲ್ಲವೋ, ಇವತ್ತಿಗೂ ಹೇಳಲಾರೆ. ಆದರೆ ಕೇಳಲಿಲ್ಲ. ಕೇಳುವ ಬದಲು, ಇಡೀ ಜಗತ್ತಿನಲ್ಲಿ ನನ್ನನ್ನು ನಂಬಿಸಬಲ್ಲ ಒಂದೇ ಒಂದು ಬಾಯಿಯನ್ನು ನನ್ನ ಎದುರೇ ಮುಚ್ಚಿಕೊಂಡ.

ಮೇಷ್ಟ್ರಿಗೆ ಹೇಳಲು ಅವರ ಮನೆಗೂ ಹೋದೆ. ಜಗುಲಿಯ ಮೇಲೆ ಕೂರಿಸಿ, ಕಾಫಿ ತರಿಸಿದರು. "ಸಾರ್, ಆವತ್ತು ನಾನು ನಿಜವಾಗಿ..." ಅಂತ ಶುರುಮಾಡಿದೆ. ಅವರ ತುಟಿಯ ಅಂಚು ಆಗಲೇ ನಗಲು ತಯಾರಾಗಿತ್ತು. ಕಣ್ಣು ಕಿರಿದು ಮಾಡಿ, ತಲೆ ಒಂದು ಕಡೆ ವಾಲಿಸಿ, ಈಗ ಯಾರ ದನಿ ಬರುತ್ತೆ ಅಂತ ಕಾಯುತ್ತಿದ್ದರು. ಅಷ್ಟು ಪ್ರೀತಿಯಿಂದ ಕಾಯುತ್ತಿದ್ದರು. ನಾನು ಕಾಫಿ ಕುಡಿದು, ನಮ್ಮ ಪ್ರಿನ್ಸಿಪಾಲರ ಕೆಮ್ಮು ಕೆಮ್ಮಿ, ಅವರನ್ನು ನಗಿಸಿ ಎದ್ದು ಬಂದೆ.

ರೂಮು ಬದಲಾಯಿಸಿದೆ. ಅವ್ವ ಮಾತ್ರ ಎರಡು ಶನಿವಾರ ಕೇಳಿದಳು, "ಯೋಗಿ ಯಾಕ್ ಬರ್ನಿಲ್ಲ?" ಅಂತ. ಮೂರನೆಯ ಸಲ ಕೇಳಲಿಲ್ಲ. ಕೋಡುಬಳೆ ಮಾಡುವುದನ್ನೂ ಕಡಿಮೆ ಮಾಡಿದಳು. ನನ್ನೊಬ್ಬನ ಹಲ್ಲಿಗೆ ಅಷ್ಟು ಶ್ರಮ ಯಾಕೆ ಅಂತ ಇರಬೇಕು.

ಅವನು ಕಡಲಿಗೆ ಹೋದ ದಿನ ಸಂಜೆ ನಾನು ಹಳೇಬೀಡಿನ ಏರಿಯ ಮೇಲೆ ಒಬ್ಬನೇ ಕೂತಿದ್ದೆ. ಬಿಸಿಲು ಇಳಿದಿತ್ತು, ಹೊಂಗೆ ಹೂ ಉದುರಿ ಏರಿಯೆಲ್ಲ ಹುರಿದ ಮಂಡಕ್ಕಿ ಚೆಲ್ಲಿದ ಹಾಗಿತ್ತು. ಜೊಂಡಿನಲ್ಲಿ ಹಕ್ಕಿ ಕೂಗಿತು. ನೋಡಲು ಯಾರೂ ಇಲ್ಲದಿದ್ದರೂ ನಾನು ಬಾಯಿ ಮುಚ್ಚಿಕೊಂಡೇ ಕೇಳಿದೆ. ಅಷ್ಟರಲ್ಲಿ ಫೋನು ಬಂತು. ಅವನದೇ ಹೆಸರು. ಮಾತು ಬಿಟ್ಟು ತಿಂಗಳಾಗುತ್ತ ಬಂದಿತ್ತು.

"ಟೇಪು," ಅಂದ. ಹಿಂದೆ ಗಾಳಿ. ಏನೂ ನಡೆದೇ ಇಲ್ಲ ಎನ್ನುವ ಅವಸರದ ದನಿ. "ಲೋ, ಬೇಗ ಹೇಳ್ಲಾ. ಇಲ್ಲಿ ದೊಡ್ಡ ಸಾರ್ ಒಬ್ರು ಒಬ್ಬೊಬ್ರುನ್ನೂ ಕೇಳ್ತಾವ್ರೆ, ಈಗ ಕೂಗಿದ್ದು ಯಾವ್ ಹಕ್ಕಿ ಅಂತ. ನನ್ ಸರದಿ ಬರ್ತಾ ಐತೆ. ನಿನ್ಗ್ ಗೊತ್ತಿರ್ತದೆ. ತಗೋ, ಕೇಳು."

ಫೋನನ್ನು ಗಾಳಿಗೆ ಹಿಡಿದ. ಮೊದಲು ಕೇಳಿದ್ದು ಅಲೆ. ಎಳೆಯುವಾಗ ಒಂದು ಸದ್ದು, ಬಿಡುವಾಗ ಒಂದು ಸದ್ದು. ನಾನು ಊಹಿಸಿದ್ದಕ್ಕಿಂತ ಸುಸ್ತಾದ ಸದ್ದು. ಅದರ ಮೇಲೆ, ದೂರದಿಂದ, ಏರುತ್ತಾ ಏರುತ್ತಾ ಬಂದು ಒಡೆದುಹೋಗುವ ಒಂದು ಸಿಳ್ಳು. ಬಿಲ್ಲಿನ ಹಾಗೆ ಬಗ್ಗಿದ ಉದ್ದ ಕೊಕ್ಕಿನ, ಕೆಸರಲ್ಲಿ ಹುಳ ಹೆಕ್ಕುವ ಕಡಲ ದಂಡೆಯ ಹಕ್ಕಿ. ಅದನ್ನು ಮೊಬೈಲಿನಲ್ಲಿ ಎಷ್ಟು ಸಲ ಕೇಳಿ ಗಂಟಲಿಗೆ ಹತ್ತಿಸಿಕೊಂಡಿದ್ದೆ ಅಂದರೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಹೆಸರು ನಾಲಿಗೆಯ ತುದಿಗೆ ಬಂದು ಕೂತಿತ್ತು.

"ಕೇಳಿಸ್ತಾ? ಏನ್ಲಾ ಅದು?"

ಬಾಯಿ ತೆರೆದೆ. ಬಂದದ್ದು ಹೆಸರಲ್ಲ. ಹುಲಿಕೆರೆಯ ಕೊಳದ ಮೆಟ್ಟಿಲ ಮೇಲೆ ಕೂತು ಅಷ್ಟು ಕಾಲ ಹಿಡಿಯಲು ಹೋಗಿ ಸೋತಿದ್ದ ದನಿ, ತಾನಾಗೇ, ಒಂದು ಕೂದಲು ಅತ್ತಿತ್ತ ಇಲ್ಲದೆ ಬಂತು. ಗಾಜು ಒರೆಸುವಾಗ ಮಾತಿನ ಮುಂಚೆ ಅವನು ಬಿಟ್ಟ ಆ ಸಣ್ಣ ಅಂತರ ಕೂಡ ಬಂತು.

"ಗೊತ್ತಿಲ್ಲ ಸಾರ್. ನಾನು ಆ ಕಡೆ ತಿರುಗಿದ್ದೆ. ಇವ್ನೇ ಇರ್ಬೇಕು."

ಆ ಕಡೆ ಯಾರೋ "ಹೂಂ, ನೀವು ಹೇಳಿ" ಅಂದದ್ದು ಕೇಳಿತು, ಅವನ ಸರದಿ ಬಂದಿತ್ತು. ಅವನು ಏನು ಹೇಳಿದನೋ ತಿಳಿಯದು. ಫೋನು ಇಡುವುದನ್ನು ಮರೆತಿದ್ದ. ನಾನೂ ಇಡಲಿಲ್ಲ. ಅಲೆ ಬಂತು, ಹೋಯಿತು. ನಾನು ಕಡಲನ್ನು ಕೇಳಿದ್ದು ಅಷ್ಟು.

ಅಲೆಯ ಸದ್ದು ನನ್ನ ಗಂಟಲಿಗೆ ಈಗಲೂ ಬರುವುದಿಲ್ಲ. ಯೋಗೀಶ ಮಾತ್ರ ಚೆನ್ನಾಗಿ ಬರುತ್ತಾನೆ. ಅವನೊಬ್ಬನನ್ನು ಬಿಟ್ಟರೆ ಯಾರಿಗೂ ಮಾಡಿ ತೋರಿಸಿಲ್ಲ.